ಡಬಲ್ಸ್‌ನಲ್ಲಿ ಹಿಂದೆ ಕೂತು ತುಳಿಯುವ ಗೆಳೆಯ: ಎಲೆಕ್ಟ್ರಿಕ್ ಮೌಂಟನ್ ಬೈಕ್ ಹೇಗೆ ಕೆಲಸ ಮಾಡುತ್ತದೆ?

ಹೋದ ಭಾನುವಾರ ಬೆಳಿಗ್ಗೆ ಆರೂವರೆಗೆ ಕೆಳಗಿನ ಮನೆಯ ಹುಡುಗ ಬಾಗಿಲು ತಟ್ಟಿದ. "ಅಂಕಲ್, ಸೈಕಲ್ ಬಂದಿದೆ. ಒಂದ್ ರೌಂಡ್ ಹೊಡೀರಿ ಬನ್ನಿ" ಅಂದ. ಕಾಫಿ ಲೋಟ ಕೆಳಗಿಟ್ಟು ಇಳಿದು ಹೋದೆ. ಗೇಟಿನ ಹತ್ತಿರ ದಪ್ಪ ಟೈರಿನ, ಅದಕ್ಕಿಂತ ದಪ್ಪ ಫ್ರೇಮಿನ ಸೈಕಲ್ ನಿಂತಿತ್ತು. ಎತ್ತಿ ನೋಡಿದೆ. ಎದ್ದಿತು, ಆದರೆ ಸೊಂಟ ಸಣ್ಣಗೆ ತಕರಾರು ತೆಗೆಯಿತು. 23 ಕೆಜಿ ಅಂತೆ.

ಏರಿ ಕೂತು, ಒಂದು ಕಾಲು ನೆಲಕ್ಕೆ ಊರಿ, ಇನ್ನೊಂದನ್ನು ಪೆಡಲ್ ಮೇಲೆ ಸುಮ್ನೆ ಇಟ್ಟೆ, ಅಷ್ಟೇ. ಸೈಕಲ್ ಛಂಗನೆ ಮುಂದಕ್ಕೆ ಹಾರಿತು. ಬ್ರೇಕ್ ಹಿಡಿದಾಗ ಎದುರು ಮನೆಯವರ ತುಳಸಿ ಕುಂಡಕ್ಕೂ ಮುಂದಿನ ಚಕ್ರಕ್ಕೂ ಒಂದು ಗೇಣು ಜಾಗ ಉಳಿದಿತ್ತು. "ಬೂಸ್ಟ್‌ನಲ್ಲಿತ್ತು ಅಂಕಲ್, ಸಾರಿ" ಅಂದ ಹುಡುಗ.

ಈ ಸೈಕಲ್‌ನಲ್ಲಿ ಆಕ್ಸಿಲರೇಟರ್ ಇಲ್ಲ. ನಾನು ಯಾವ ಬಟನ್ನೂ ಒತ್ತಿರಲಿಲ್ಲ. ಹಾಗಾದರೆ ಹಾರಿದ್ದು ಯಾಕೆ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಇಂಥ ಸೈಕಲ್‌ನ ಮುಕ್ಕಾಲು ಭಾಗ ಅರ್ಥವಾದ ಹಾಗೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ಗಳಲ್ಲಿ ಈಗ ಇವು ಒಂದೊಂದಾಗಿ ಕಾಣಿಸಿಕೊಳ್ಳುತ್ತಿವೆ. ಮನೆಯಲ್ಲಿ ಮಕ್ಕಳು ಕೇಳುತ್ತಿದ್ದಾರೆ, ಆಫೀಸಿನಲ್ಲಿ ಯಾರೋ ಒಬ್ಬರು ತಂದಿರುತ್ತಾರೆ. ಲೈಸೆನ್ಸ್ ಬೇಕಾ, ಎಷ್ಟು ದೂರ ಹೋಗುತ್ತೆ, ಮೋಟರ್ ಇದ್ದ ಮೇಲೆ ತುಳಿಯೋದು ಯಾಕೆ ಅನ್ನುವ ಮಾತುಗಳು ಲಿಫ್ಟ್‌ನಲ್ಲೂ ಕೇಳಿಬರುತ್ತವೆ. ಬುಡದಿಂದಲೇ ನೋಡೋಣ.

ಸೈಕಲ್ಲೋ, ಸ್ಕೂಟರೋ?

ಮೊದಲು 'ಮೌಂಟನ್ ಬೈಕ್'. ಡಾಂಬರು ರಸ್ತೆ ಬಿಟ್ಟು ಮಣ್ಣು, ಕಲ್ಲು, ಬೇರು, ಬಂಡೆ ಮೇಲೆ ಓಡಿಸಲಿಕ್ಕೆಂದೇ ಮಾಡಿದ ಸೈಕಲ್ ಇದು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಹುಡುಗರು ಹಳೇ ದಪ್ಪ ಟೈರಿನ ಸೈಕಲ್‌ಗಳನ್ನು ಬೆಟ್ಟದ ಮೇಲಿಂದ ಇಳಿಸುತ್ತಾ ಇಳಿಸುತ್ತಾ ಇದು ಹುಟ್ಟಿಕೊಂಡಿತು. ಅಗಲವಾದ ಗುಬುಟು ಟೈರು, ಮುಂದೆ ಸ್ಪ್ರಿಂಗ್ ಇಲ್ಲವೇ ಗಾಳಿ ತುಂಬಿದ ಶಾಕ್ ಅಬ್ಸಾರ್ಬರ್, ಡಿಸ್ಕ್ ಬ್ರೇಕ್, ಅಗಲ ಹ್ಯಾಂಡಲ್ ಇವು ಇದರ ಗುರುತು. ಹಿಂದೆಯೂ ಶಾಕ್ ಇದ್ದರೆ 'ಫುಲ್ ಸಸ್ಪೆನ್ಷನ್'. ಮುಂದೆ ಮಾತ್ರ ಇದ್ದರೆ 'ಹಾರ್ಡ್‌ಟೇಲ್'.

ಇದಕ್ಕೆ ಸಣ್ಣ ಮೋಟರ್, ಒಂದು ಬ್ಯಾಟರಿ ಸೇರಿಸಿದರೆ ಎಲೆಕ್ಟ್ರಿಕ್ ಮೌಂಟನ್ ಬೈಕ್.

ಇದು ಸ್ಕೂಟರ್‌ನಿಂದ ಬೇರೆಯಾಗುವುದು ಒಂದೇ ಜಾಗದಲ್ಲಿ. ಸ್ಕೂಟರ್‌ನಲ್ಲಿ ಕೈ ತಿರುಗಿಸಿದರೆ ಮೋಟರ್ ಓಡುತ್ತದೆ, ನೀವು ಸುಮ್ಮನೆ ಕೂತಿರಬಹುದು. ಮೆಟ್ರೋ ಸ್ಟೇಷನ್ ಮುಂದೆ ಸಾಲಾಗಿ ನಿಲ್ಲುವ ಯುಲು ಗಾಡಿಗಳೂ ಹಾಗೆಯೇ. ಇಲ್ಲಿ ಕಾಲು ತುಳಿದರೆ ಮಾತ್ರ ಮೋಟರ್ ಕೆಲಸ ಮಾಡುತ್ತದೆ. ಕಾಲು ನಿಂತರೆ ಮೋಟರೂ ನಿಲ್ಲುತ್ತದೆ. ಇದಕ್ಕೆ 'ಪೆಡಲ್ ಅಸಿಸ್ಟ್' ಅನ್ನುತ್ತಾರೆ. ಈ ಏರ್ಪಾಡನ್ನು ಮೊದಲು ಮಾರುಕಟ್ಟೆಗೆ ತಂದದ್ದು ಯಮಹಾ ಕಂಪನಿ, ಜಪಾನಿನಲ್ಲಿ, 1993ರಲ್ಲಿ.

ನಮ್ಮಲ್ಲಿ ಮಾರುವ ಕೆಲವು ಎಲೆಕ್ಟ್ರಿಕ್ ಸೈಕಲ್‌ಗಳಲ್ಲಿ ಪೆಡಲ್ ಅಸಿಸ್ಟ್ ಜೊತೆಗೆ ಕೈಯಲ್ಲಿ ತಿರುಗಿಸುವ ಥ್ರಾಟಲ್ ಕೂಡ ಇರುತ್ತದೆ. ನಿಜವಾದ ಮೌಂಟನ್ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬಂಡೆ ಮೇಲೆ ಕುಲುಕಾಡುವಾಗ ಕೈ ಅಪ್ಪಿತಪ್ಪಿ ತಿರುಗಿದರೆ ಏನಾಗುತ್ತೆ ಅಂತ ಯೋಚಿಸಿದರೆ, ಇಲ್ಲದಿರುವುದೇ ಸರಿ ಅನಿಸುತ್ತದೆ.

ಡಬಲ್ಸ್ ಲೆಕ್ಕ

ಸೈಕಲ್‌ನಲ್ಲಿ ಡಬಲ್ಸ್ ಹೊಡೆದವರಿಗೆ ಇದನ್ನು ಹೇಳಿಕೊಡುವುದು ಸುಲಭ. ಗಂಟೆಗಿಷ್ಟು ಅಂತ ಬಾಡಿಗೆ ಸೈಕಲ್ ತರುತ್ತಿದ್ದ ಕಾಲದಲ್ಲಿ ಒಬ್ಬ ಸೀಟಿನ ಮೇಲೆ, ಇನ್ನೊಬ್ಬ ಕ್ಯಾರಿಯರ್ ಮೇಲೆ. ಏರು ಬಂದಾಗ ಹಿಂದೆ ಕೂತವನೂ ಕಾಲು ಚಾಚಿ ಅದೇ ಪೆಡಲ್ ಮೇಲೆ ಇಡುತ್ತಿದ್ದ. ಇಬ್ಬರ ಕಾಲು, ಒಂದೇ ಪೆಡಲ್. ದಿಣ್ಣೆ ದಿಢೀರನೆ ಕರಗಿ ಹೋದ ಹಾಗೆ ಆಗುತ್ತಿತ್ತು.

ಪೆಡಲ್ ಅಸಿಸ್ಟ್ ಮೋಟರ್ ಆ ಕ್ಯಾರಿಯರ್ ಮೇಲಿನ ಗೆಳೆಯ. ಅವನಿಗೆ ಕೆಲವು ಷರತ್ತುಗಳಿವೆ. ನೀವು ತುಳಿದರೆ ಮಾತ್ರ ಅವನು ತುಳಿಯುತ್ತಾನೆ. ವೇಗ ಒಂದು ಮಿತಿ ದಾಟಿದರೆ ಕಾಲು ತೆಗೆಯುತ್ತಾನೆ. ಬುತ್ತಿ ಖಾಲಿಯಾದರೆ ಸುಮ್ಮನೆ ಕೂರುತ್ತಾನೆ, ಆದರೆ ಇಳಿದು ಮಾತ್ರ ಹೋಗುವುದಿಲ್ಲ. ಅವನ ಭಾರವನ್ನೂ ನೀವೇ ಎಳೆಯಬೇಕು. ಮೋಟರ್ ಇಲ್ಲದ ಮೌಂಟನ್ ಬೈಕ್ ಸುಮಾರು 13ರಿಂದ 15 ಕೆಜಿ ಇರುತ್ತದೆ. ಎಲೆಕ್ಟ್ರಿಕ್‌ದು 20ರಿಂದ 25 ಕೆಜಿ. ಆ ವ್ಯತ್ಯಾಸವೇ ಗೆಳೆಯನ ತೂಕ.

ಅವನು ಎಷ್ಟು ಜೋರಾಗಿ ತುಳಿಯಬೇಕು ಅನ್ನುವುದನ್ನು ಹ್ಯಾಂಡಲ್ ಹತ್ತಿರದ ಬಟನ್‌ನಿಂದ ಹೇಳಬಹುದು. ಕಂಪನಿಗೊಂದು ಹೆಸರು: ಇಕೋ, ಟೂರ್, ಟ್ರೇಲ್, ಬೂಸ್ಟ್, ಟರ್ಬೋ. ಇಕೋ ಅಂದರೆ ಅಲ್ಪ ಸಹಾಯ, ಟರ್ಬೋ ಅಥವಾ ಬೂಸ್ಟ್ ಅಂದರೆ ಪೂರ್ತಿ. ಬಾಷ್ ಕಂಪನಿಯ ಪರ್ಫಾರ್ಮೆನ್ಸ್ ಲೈನ್ ಸಿಎಕ್ಸ್ ಅನ್ನುವ ಮೋಟರ್‌ನ ಅನೇಕ ಮಾದರಿಗಳು ಟರ್ಬೋದಲ್ಲಿ ಶೇ. 340ರವರೆಗೆ ಸಹಾಯ ಮಾಡುತ್ತವೆ. ಅಂದರೆ ನೀವು 100 ವ್ಯಾಟ್ ಶಕ್ತಿ ಹಾಕಿದರೆ ಅದು ತನ್ನ ಕಡೆಯಿಂದ 340 ವ್ಯಾಟ್ ಸೇರಿಸಬಲ್ಲದು. (ಇದೇ ಬಾಷ್ ನಮಗೆ ಹಳೇ ಪರಿಚಯ. ಆಡುಗೋಡಿಯ ಮೈಕೋ ಕಾರ್ಖಾನೆಯೇ 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಿಸಿಕೊಂಡದ್ದು. ಆದರೂ ಜನರ ಬಾಯಲ್ಲಿ ಅದು ಇನ್ನೂ ಮೈಕೋನೇ.)

ಕಾಲಿನ ಮಾತು ಮೋಟರ್‌ಗೆ ಕೇಳಿಸುವುದು ಹೇಗೆ?

ನೀವು ತುಳಿಯುತ್ತಿದ್ದೀರಿ ಅಂತ ಮೋಟರ್‌ಗೆ ಹೇಳುವುದು ಒಂದು ಸೆನ್ಸರ್. ಇದರಲ್ಲಿ ಎರಡು ಜಾತಿ. ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಬಣ್ಣವನ್ನಲ್ಲ, ಇದನ್ನು.

ಮೊದಲನೆಯದು ಕೇಡೆನ್ಸ್ ಸೆನ್ಸರ್. ಪೆಡಲ್ ತಿರುಗುತ್ತಿದೆಯೋ ಇಲ್ಲವೋ ಅಂತ ಮಾತ್ರ ಇದಕ್ಕೆ ಗೊತ್ತಾಗುತ್ತದೆ. ಪೆಡಲ್ ಆಕ್ಸಲ್ ಪಕ್ಕದ ಒಂದು ಬಿಲ್ಲೆಯಲ್ಲಿ ಪುಟ್ಟ ಅಯಸ್ಕಾಂತಗಳಿರುತ್ತವೆ. ಅವು ಸೆನ್ಸರ್ ಮುಂದೆ ಹಾದು ಹೋದಾಗ 'ತಿರುಗುತ್ತಿದೆ' ಅಂತ ಸಂದೇಶ ಹೋಗುತ್ತದೆ, ಮೋಟರ್ ಶುರುವಾಗುತ್ತದೆ. ನೀವು ಜೋರಾಗಿ ತುಳಿದರೂ ಅಷ್ಟೇ, ಸುಮ್ನೆ ಕಾಲು ಆಡಿಸಿದರೂ ಅಷ್ಟೇ. ಇದು ಹಿಂದೆ ಕೂತು ನಿಮ್ಮ ಮೊಣಕಾಲು ಮೇಲೆ ಕೆಳಗೆ ಹೋಗುವುದನ್ನು ಬರೀ ನೋಡುವ ಗೆಳೆಯ. ನೋಡಿ, ಅರ್ಥ ಮಾಡಿಕೊಂಡು, ಆಮೇಲೆ ಕಾಲು ಹಾಕುತ್ತಾನೆ. ಅದಕ್ಕೇ ಶುರುವಾಗುವುದು ಸ್ವಲ್ಪ ತಡ, ನಿಲ್ಲುವುದೂ ಸ್ವಲ್ಪ ತಡ. ಸಮತಟ್ಟು ರಸ್ತೆಗೆ ಇದು ಸಾಕು.

ಎರಡನೆಯದು ಟಾರ್ಕ್ ಸೆನ್ಸರ್. ಪೆಡಲ್ ಮೇಲೆ ಎಷ್ಟು ಒತ್ತಡ ಬೀಳುತ್ತಿದೆ ಅನ್ನುವುದನ್ನು ಇದು ಅಳೆಯುತ್ತದೆ. ಒತ್ತಿದಾಗ ಉಕ್ಕಿನ ಆಕ್ಸಲ್ ಕೂಡ ಕಣ್ಣಿಗೆ ಕಾಣದಷ್ಟು ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಸೆಕೆಂಡಿಗೆ ನೂರಾರು ಬಾರಿ ಅಳೆದು, ನೀವು ಎಷ್ಟು ಹಾಕಿದಿರೋ ಅದಕ್ಕೆ ತಕ್ಕಂತೆ ಮೋಟರ್ ಶಕ್ತಿ ಕೂಡಿಸುತ್ತದೆ. ಇವನು ನಿಮ್ಮ ಪಾದದ ಮೇಲೆಯೇ ಪಾದ ಇಟ್ಟು ಕೂತ ಗೆಳೆಯ. ನೀವು ಮೆಲ್ಲಗೆ ಒತ್ತಿದರೆ ಅವನೂ ಮೆಲ್ಲಗೆ. ನೀವು ಎದ್ದು ನಿಂತು ತುಳಿದರೆ ಅವನೂ ಎದ್ದು ನಿಲ್ಲುತ್ತಾನೆ.

ತುಳಸಿ ಕುಂಡದ ಕಥೆ ಈಗ ಬಿಡಿಸಿಕೊಳ್ಳುತ್ತದೆ. ನಾನು ಪೆಡಲ್ ಮೇಲೆ 'ಸುಮ್ನೆ ಇಟ್ಟ' ಕಾಲಿಗೂ ಒಂದು ಭಾರ ಇತ್ತು. ಸೆನ್ಸರ್ ಅದನ್ನು ತುಳಿತ ಅಂತ ಓದಿಕೊಂಡಿತು. ಮೋಡ್ ಬೂಸ್ಟ್‌ನಲ್ಲಿತ್ತು. ಹೊರಡೋಣ ಅಂತ ನಾನೇ ಹೇಳಿದ್ದೆ, ಆದರೆ ಹೇಳಿದ್ದು ನನಗೆ ಗೊತ್ತಿರಲಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಪೆಡಲ್ ಮೇಲೆ ಕಾಲಿಡಬಾರದು, ಇಟ್ಟರೆ ಬ್ರೇಕ್ ಹಿಡಿದಿರಬೇಕು. ಹೊಸಬರು ಕಲಿಯಬೇಕಾದ ಮೊದಲ ಪಾಠ ಇದು. ಮುಂದೆ ಆಟೋ ನಿಂತಿದ್ದರಂತೂ ಜಾಸ್ತಿ ಹುಷಾರಾಗಿರಬೇಕು.

ಮೋಟರ್ ಚಕ್ರದಲ್ಲೋ, ಪೆಡಲ್ ಹತ್ತಿರವೋ?

ಮೋಟರ್ ಕೂರಿಸುವುದು ಹೆಚ್ಚಾಗಿ ಎರಡು ಜಾಗದಲ್ಲಿ. ಹಿಂದಿನ ಚಕ್ರದ ನಡುವೆ ದಪ್ಪ ಡಬ್ಬಿಯಂಥದ್ದು ಕಂಡರೆ ಅದು ಹಬ್ ಮೋಟರ್. ಎರಡು ಪೆಡಲ್‌ಗಳ ನಡುವೆ, ಫ್ರೇಮಿನ ಹೊಟ್ಟೆಯಲ್ಲಿ ಇದ್ದರೆ ಮಿಡ್-ಡ್ರೈವ್.

ಏರಿನಲ್ಲಿ ಇವೆರಡರ ನಡುವಿನ ವ್ಯತ್ಯಾಸ ಬಯಲಾಗುತ್ತದೆ. ಘಾಟಿ ಹತ್ತುವ ಕೆಂಪು ಬಸ್ಸನ್ನು ನೆನೆಸಿಕೊಳ್ಳಿ. ಡ್ರೈವರ್ ಗೇರ್ ಇಳಿಸುತ್ತಾರೆ. ಎಂಜಿನ್ ಜೋರಾಗಿ ತಿರುಗುತ್ತದೆ, ಚಕ್ರ ನಿಧಾನಕ್ಕೆ ತಿರುಗುತ್ತದೆ, ಬಸ್ಸು ಹತ್ತುತ್ತದೆ. ಮಿಡ್-ಡ್ರೈವ್ ಮೋಟರ್ ಚೈನಿನ ಮೂಲಕ ಶಕ್ತಿ ಕಳಿಸುವುದರಿಂದ ಸೈಕಲ್‌ನ ಗೇರುಗಳೆಲ್ಲ ಅದಕ್ಕೂ ಸಿಗುತ್ತವೆ. ನೀವು ದೊಡ್ಡ ಹಲ್ಲುಚಕ್ರಕ್ಕೆ ಗೇರ್ ಇಳಿಸಿದರೆ ಮೋಟರೂ ಫಸ್ಟ್ ಗೇರಿಗೆ ಬಂದ ಹಾಗೆ. ಹಬ್ ಮೋಟರ್‌ಗೆ ಆ ಭಾಗ್ಯವಿಲ್ಲ. ಅದು ಚಕ್ರಕ್ಕೇ ಅಂಟಿಕೊಂಡಿದೆ. ಚಕ್ರ ನಿಧಾನವಾದರೆ ಅದೂ ನಿಧಾನವಾಗಲೇಬೇಕು. ಎಲೆಕ್ಟ್ರಿಕ್ ಮೋಟರ್ ತೀರಾ ನಿಧಾನಕ್ಕೆ ತಿರುಗುತ್ತಾ ಭಾರ ಎಳೆದರೆ ಬ್ಯಾಟರಿಯ ಶಕ್ತಿಯಲ್ಲಿ ಹೆಚ್ಚಿನ ಪಾಲು ಬಿಸಿಯಾಗಿ ಹೋಗುತ್ತದೆ. ಉದ್ದನೆಯ ಕಡಿದಾದ ಏರಿನಲ್ಲಿ ಅದು ಏದುಸಿರು ಬಿಡುವುದು ಇದಕ್ಕೇ.

ಇನ್ನೊಂದು ಮಗ್ಗುಲೂ ಇದೆ. ಹಬ್ ಮೋಟರ್ ಅಗ್ಗ, ಸರಳ, ಚೈನು ಸವೆಸುವುದಿಲ್ಲ. ಮಿಡ್-ಡ್ರೈವ್‌ನಲ್ಲಿ ಕಾಲಿನ ಶಕ್ತಿ, ಮೋಟರ್ ಶಕ್ತಿ ಎರಡೂ ಒಂದೇ ಚೈನಿನ ಮೇಲೆ ಬೀಳುತ್ತವೆ. ಚೈನು, ಹಲ್ಲುಚಕ್ರ ಬೇಗ ಸವೆಯುತ್ತವೆ. ಗೇರ್ ಬದಲಿಸುವಾಗ ಒಂದು ಕ್ಷಣ ಕಾಲಿನ ಒತ್ತಡ ಸಡಿಲಿಸಬೇಕು. ನಾನು ಮೊದಲ ಸಲ ಹಾಗೆ ಮಾಡದೆ ಏರಿನ ನಡುವೆ ಗೇರ್ ಒತ್ತಿದೆ. 'ಕಡಕ್' ಅಂತ ಬಂದ ಶಬ್ದಕ್ಕೆ ಸೈಕಲ್ ಒಡೆಯನ ಮುಖ ನೋಡಲಾಗಲಿಲ್ಲ.

ಬೆಲೆಯ ಮಾತು ಚಿಕ್ಕದು. ಮೌಂಟನ್ ಬೈಕ್ ಥರ ಕಾಣುವ ಹಬ್ ಮೋಟರ್ ಸೈಕಲ್‌ಗಳು ಹತ್ತಾರು ಸಾವಿರಕ್ಕೆ ಸಿಗುತ್ತವೆ. ಒಳ್ಳೆಯ ಮಿಡ್-ಡ್ರೈವ್‌ದು ಲಕ್ಷಗಳ ಲೆಕ್ಕ. ಹೆಸರಿನಲ್ಲಿ 'ಮೌಂಟನ್' ಇದ್ದ ಮಾತ್ರಕ್ಕೆ ಬೆಟ್ಟ ಹತ್ತುತ್ತದೆ ಅಂದುಕೊಳ್ಳಬೇಡಿ.

250 ವ್ಯಾಟ್, 85 ನ್ಯೂಟನ್ ಮೀಟರ್: ಇವೇನು?

ಹುಡುಗನ ಸೈಕಲ್ ಜೊತೆ ಬಂದ ಪುಸ್ತಕದಲ್ಲಿ ಮೂರು ಅಂಕಿ ಕಂಡವು: 250 ವ್ಯಾಟ್, 85 ನ್ಯೂಟನ್ ಮೀಟರ್, 504 ವ್ಯಾಟ್-ಅವರ್. ಮೂರನೆಯದು ಬ್ಯಾಟರಿದು, ಆಮೇಲೆ ನೋಡೋಣ.

ವ್ಯಾಟ್ ಅಂದರೆ ಕೆಲಸ ಎಷ್ಟು ಬೇಗ ನಡೆಯುತ್ತಿದೆ ಅನ್ನುವುದರ ಅಳತೆ. ನಮ್ಮ ನಿಮ್ಮಂಥವರು ಸೈಕಲ್ ಮೇಲೆ ಒಂದು ಗಂಟೆ ಹೊತ್ತು 100 ವ್ಯಾಟ್ ಆಸುಪಾಸು ಹಾಕಬಲ್ಲೆವು. ಈಗ ಒಂದು ಏರು ತೆಗೆದುಕೊಳ್ಳಿ. 10 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ ಹೋಗುವ ಏರು. ಸವಾರ, ಸೈಕಲ್ ಸೇರಿ 100 ಕೆಜಿ. ಇದನ್ನು ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತಬೇಕಾದರೆ ಭಾರ ಎತ್ತಲಿಕ್ಕೇ ಸುಮಾರು 220 ವ್ಯಾಟ್ ಬೇಕು. ಮಣ್ಣುದಾರಿಯ ಎಳೆತ ಬೇರೆ. 100 ವ್ಯಾಟ್ ಕಾಲಿನಲ್ಲಿ ಹತ್ತಿದರೆ ವೇಗ 3 ಕಿ.ಮೀ. ಹತ್ತಿರ ಬರುತ್ತದೆ. ಅಷ್ಟು ನಿಧಾನದಲ್ಲಿ ಸೈಕಲ್ ನಿಲ್ಲುವುದೇ ಇಲ್ಲ, ವಾಲುತ್ತದೆ. ಅದಕ್ಕೇ ನಾವು ಇಳಿದು ತಳ್ಳುತ್ತಿದ್ದದ್ದು. ಗೆಳೆಯ 250 ವ್ಯಾಟ್ ಸೇರಿಸಿದರೆ ಅದೇ ಏರನ್ನು 10 ಕಿ.ಮೀ. ವೇಗದಲ್ಲಿ, ನೇರವಾಗಿ ಕೂತು ಹತ್ತಬಹುದು.

ಒಂದು ಗೊಂದಲ ಇಲ್ಲಿ ಬರುತ್ತದೆ. ಮೋಟರ್ 250 ವ್ಯಾಟ್ ಅಂತ ಬರೆದಿರುತ್ತದೆ. ಕಂಪನಿಯವರು 600 ವ್ಯಾಟ್ ಅಂತಲೂ ಹೇಳುತ್ತಾರೆ. ಎರಡೂ ಸುಳ್ಳಲ್ಲ. ಮೂಟೆ ಹೊರುವವರು ದಿನವಿಡೀ ಹೊರುವ ಭಾರ ಬೇರೆ, ಒಂದೇ ಸಲ ದಮ್ಮು ಕಟ್ಟಿ ಎತ್ತುವ ಭಾರ ಬೇರೆ. 250 ಅನ್ನುವುದು ಮೋಟರ್ ಅತಿಯಾಗಿ ಬಿಸಿಯಾಗದೆ ಒಂದೇ ಸಮನೆ ಕೊಡಬಲ್ಲ ಶಕ್ತಿ. 600 ಅನ್ನುವುದು ಸ್ವಲ್ಪ ಹೊತ್ತಿನ ದಮ್ಮು.

ನ್ಯೂಟನ್ ಮೀಟರ್ ತಿರುಚುವ ಬಲದ ಅಳತೆ. ಒಂದು ಮೀಟರ್ ಉದ್ದದ ಸ್ಪ್ಯಾನರ್ ಅಡ್ಡ ಹಿಡಿದು ತುದಿಗೆ ಎಂಟೂವರೆ ಕೆಜಿಗಿಂತ ತುಸು ಜಾಸ್ತಿ ತೂಗುಹಾಕಿದರೆ ನಟ್ಟಿನ ಮೇಲೆ ಬೀಳುವ ಬಲ 85 ನ್ಯೂಟನ್ ಮೀಟರ್. ಇದು ಜಾಸ್ತಿಯೋ ಕಮ್ಮಿಯೋ? 60 ಕೆಜಿಯ ಒಬ್ಬ ಮನುಷ್ಯ ಪೆಡಲ್ ಮೇಲೆ ಪೂರ್ತಿ ಭಾರ ಬಿಟ್ಟು ಎದ್ದು ನಿಂತರೆ ಸುಮಾರು 100 ನ್ಯೂಟನ್ ಮೀಟರ್ ಬರುತ್ತದೆ. ಅಂದರೆ 50 ಕೆಜಿಯ ಇನ್ನೊಬ್ಬ ನಿಮ್ಮ ಜೊತೆ ಪೆಡಲ್ ಮೇಲೆ ನಿಂತ ಹಾಗೆ. ಡಬಲ್ಸ್ ಅಂದದ್ದು ಬರೀ ಹೋಲಿಕೆಗಲ್ಲ, ಲೆಕ್ಕವೂ ಹೆಚ್ಚುಕಡಿಮೆ ಹಾಗೇ ಕೂರುತ್ತದೆ.

ಬಂಡೆ ಮೇಲೆ

ಬನಶಂಕರಿ ಆರನೇ ಹಂತ ದಾಟಿ ತುರಹಳ್ಳಿ ಕಾಡಿನ ಅಂಚಿಗೆ ಹೋದೆವು. ಹುಡುಗ ತನ್ನ ಹಳೇ ಸೈಕಲ್‌ನಲ್ಲಿ, ನಾನು ಹೊಸದರಲ್ಲಿ. ಕಾಡಿನ ಬೇಲಿಯ ಹೊರಗೆ ಒಂದು ಮಣ್ಣುದಾರಿ, ಅದರ ಕೊನೆಗೆ ಮನೆಯ ಛಾವಣಿಯಷ್ಟು ಎತ್ತರದ ಬೋಳು ಬಂಡೆ. ಲಾಲ್‌ಬಾಗ್ ಬಂಡೆಯ ಜಾತಿಯದೇ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ಮಳೆ ನೀರು ಹರಿದು ನಡುವೆ ಒಂದು ಕಪ್ಪು ಪಟ್ಟೆ ಬಿದ್ದಿತ್ತು. ಅದನ್ನು ತಪ್ಪಿಸಿ ಒಣಗಿದ ಕಡೆಯಿಂದ ಹತ್ತಬೇಕು ಅಂದ ಹುಡುಗ.

ಮೊದಲ ಪ್ರಯತ್ನದಲ್ಲಿ ಅರ್ಧಕ್ಕೆ ಮುಂದಿನ ಚಕ್ರ ಗಾಳಿಯಲ್ಲಿ ಎದ್ದಿತು. ಕಾರಣ ಇಷ್ಟೇ: ಏರಿನಲ್ಲಿ ನನ್ನ ಭಾರ ತಾನಾಗಿ ಹಿಂದಕ್ಕೆ ಜಾರಿತ್ತು. ಹಿಂದಿನ ಚಕ್ರವನ್ನು ಮೋಟರ್ ಜೋರಾಗಿ ತಿರುಗಿಸಿದಾಗ ಇಡೀ ಸೈಕಲ್ ಅದರ ಸುತ್ತ ಮೇಲೇಳಲು ನೋಡುತ್ತದೆ. ಸಾದಾ ಸೈಕಲ್‌ನಲ್ಲಿ ನಮ್ಮ ಕಾಲಿಗೆ ಅಷ್ಟು ಕಸುವಿಲ್ಲದ್ದರಿಂದ ಇದು ಗೊತ್ತಾಗುವುದು ಕಡಿಮೆ. ಎರಡನೇ ಸಲ ಟ್ರೇಲ್ ಮೋಡ್‌ಗೆ ಇಳಿಸಿ, ಸೀಟಿನ ಮೂತಿಯ ಮೇಲೆ ಕೂತು, ಎದೆಯನ್ನು ಹ್ಯಾಂಡಲ್ ಕಡೆಗೆ ಬಗ್ಗಿಸಿದೆ. ಸಣ್ಣ ಗೇರು. ಕಾಲು ಬೇಗ ಬೇಗ, ಆದರೆ ಹಗುರವಾಗಿ. ಕೆಳಗೆ ಮೋಟರ್, ಪಕ್ಕದ ಮನೆಯಲ್ಲಿ ಮಿಕ್ಸಿ ಓಡುತ್ತಿದ್ದ ಹಾಗೆ, ಗುಂಯ್‌ಗುಡುತ್ತಿತ್ತು. ಟೈರಿನ ಗುಬುಟುಗಳು ಕಲ್ಲನ್ನು ಕಚ್ಚಿ ಬಿಡುವ ಪಟಪಟ ಸದ್ದು. ತುದಿ ಮುಟ್ಟಿದಾಗ ನನ್ನ ಎದೆ ಚೆನ್ನಾಗಿಯೇ ಹೊಡೆದುಕೊಳ್ಳುತ್ತಿತ್ತು.

ಆ ಎದೆ ಬಡಿತವೇ 'ಮೋಟರ್ ಇದ್ದರೆ ವ್ಯಾಯಾಮ ಎಲ್ಲಿ ಬಂತು' ಅನ್ನುವ ಪ್ರಶ್ನೆಗೆ ಉತ್ತರ. ನೀವು ತುಳಿಯದೆ ಅದು ತುಳಿಯುವುದಿಲ್ಲ. ಅದೇ ದಾರಿ, ಅದೇ ವೇಗಕ್ಕೆ ಹೋಲಿಸಿದರೆ ಶ್ರಮ ಕಡಿಮೆ, ಖಂಡಿತ. ಆದರೆ ಅದೇ ದಾರಿಗೆ ಯಾರೂ ನಿಲ್ಲುವುದಿಲ್ಲ. ಇನ್ನೊಂದು ಬಂಡೆ ಹತ್ತೋಣ ಅನಿಸುತ್ತದೆ. ನಾವು ಆವತ್ತು ಅದೇ ಬಂಡೆಯನ್ನು ಐದು ಸಲ ಹತ್ತಿದೆವು. ಐವತ್ತು ದಾಟಿದ ನನಗೆ ಸಾದಾ ಸೈಕಲ್‌ನಲ್ಲಿ ಒಂದೂ ಆಗುತ್ತಿರಲಿಲ್ಲ.

ಹತ್ತಲಾಗದ ಜಾಗದಲ್ಲಿ ತಳ್ಳಲಿಕ್ಕೂ ಸಹಾಯ ಇದೆ. 'ವಾಕ್ ಮೋಡ್' ಬಟನ್ ಒತ್ತಿ ಹಿಡಿದರೆ ಸೈಕಲ್ ನಿಮ್ಮ ನಡಿಗೆಯ ವೇಗದಲ್ಲಿ ತಾನೇ ನಡೆಯುತ್ತದೆ. ಹಗ್ಗ ಹಿಡಿದು ಹಸು ಹೊಡೆದುಕೊಂಡು ಹೋದ ಹಾಗೆ. 23 ಕೆಜಿಯನ್ನು ಕಲ್ಲಿನ ನಡುವೆ ನೂಕಿದವರಿಗೆ ಈ ಬಟನ್‌ನ ಬೆಲೆ ಗೊತ್ತು.

ಅಂದಹಾಗೆ, ಮೌಂಟನ್ ಬೈಕ್ ಅಂದ ಮಾತ್ರಕ್ಕೆ ಕಾಡಿನೊಳಗೆ ಎಲ್ಲೆಂದರಲ್ಲಿ ನುಗ್ಗುವಂತಿಲ್ಲ. ಮೀಸಲು ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮೋಟರ್ ಇರಲಿ ಇಲ್ಲದಿರಲಿ.

25ರ ಗೋಡೆ

ವಾಪಸ್ ಬರುವಾಗ ಕನಕಪುರ ರಸ್ತೆ, ಮೆಟ್ರೋ ಕಂಬಗಳ ಪಕ್ಕ. ಸಮತಟ್ಟು ಡಾಂಬರು. ಖುಷಿಯಲ್ಲಿ ಜೋರಾಗಿ ತುಳಿದೆ. 23, 24, 25. ಅಲ್ಲಿಗೆ ಯಾರೋ ಬೆನ್ನ ಮೇಲಿಂದ ಕೈ ತೆಗೆದ ಹಾಗಾಯಿತು. ಮೋಟರ್ ಸುಮ್ಮನಾಗಿತ್ತು. ಆಮೇಲೆ ದಪ್ಪ ಟೈರು, 23 ಕೆಜಿ, ನನ್ನ ಕಾಲು, ಅಷ್ಟೇ. 27 ಮುಟ್ಟುವಷ್ಟರಲ್ಲಿ ಸಾಕಾಯಿತು.

ಇದು ಕೆಟ್ಟಿದ್ದಲ್ಲ, ಕಾನೂನು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟರ್‌ನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇರಬೇಕು. ಈ ಶಕ್ತಿಯನ್ನು 30 ನಿಮಿಷ ಒಂದೇ ಸಮನೆ ಓಡಿಸಿ ಅಳೆಯುತ್ತಾರೆ, ಕ್ಷಣದ ದಮ್ಮನ್ನಲ್ಲ. ವೇಗ ಏರಿದಂತೆ ಸಹಾಯ ಕಡಿಮೆಯಾಗುತ್ತಾ ಬಂದು 25 ಕಿ.ಮೀ.ಗೆ ಪೂರ್ತಿ ನಿಲ್ಲಬೇಕು. ಕಾಲು ನಿಂತರೆ ಅದಕ್ಕಿಂತ ಮೊದಲೇ ನಿಲ್ಲಬೇಕು. ಹೀಗಿದ್ದರೆ ಅದು ಮೋಟಾರು ವಾಹನ ಅಲ್ಲ. ಆರ್‌ಟಿಒ ನೋಂದಣಿ ಬೇಡ, ನಂಬರ್ ಪ್ಲೇಟ್ ಬೇಡ, ಲೈಸೆನ್ಸ್ ಬೇಡ. ಯೂರೋಪಿನಲ್ಲೂ ಇದೇ 250 ವ್ಯಾಟ್, 25 ಕಿ.ಮೀ. ಗೆರೆ ಇದೆ. ಅಮೆರಿಕದಲ್ಲಿ ಬಹುತೇಕ ಕಡೆ ಮೊದಲ ದರ್ಜೆಯ ಸೈಕಲ್‌ಗೆ ಗಂಟೆಗೆ 20 ಮೈಲಿ, ಅಂದರೆ 32 ಕಿ.ಮೀ.

ಈ ಗೆರೆ ಅಳಿಸುವ 'ಅನ್‌ಲಾಕ್' ಮಾಡಿಕೊಡುತ್ತೇವೆ ಅನ್ನುವವರಿದ್ದಾರೆ. ಗೆರೆ ದಾಟಿದ ಕ್ಷಣ ಕಾನೂನಿನ ಕಣ್ಣಿಗೆ ಅದು ಸೈಕಲ್ ಆಗಿ ಉಳಿಯುವುದಿಲ್ಲ. ನೋಂದಣಿ, ಇನ್ಶೂರೆನ್ಸ್, ಲೈಸೆನ್ಸ್ ಎಲ್ಲ ಬೇಕಾಗುತ್ತದೆ. ನೋಂದಣಿ ಮಾಡಿಸೋಣ ಅಂದರೆ ಅದಕ್ಕೆ ಬೇಕಾದ ಅನುಮೋದನೆ ಆ ಸೈಕಲ್‌ಗೆ ಇರುವುದಿಲ್ಲ. ಹೆಲ್ಮೆಟ್ ವಿಷಯ ಮಾತ್ರ ಬೇರೆ. ಕಾನೂನು ಕೇಳಲಿ ಬಿಡಲಿ, ಬಂಡೆ ಕೇಳುತ್ತದೆ.

ಬುತ್ತಿ ಎಷ್ಟು ದೂರಕ್ಕೆ?

ಬ್ಯಾಟರಿ ಮೇಲೆ 36 ವೋಲ್ಟ್, 14 ಆಂಪಿಯರ್-ಅವರ್ ಅಂತಿತ್ತು. ಎರಡನ್ನೂ ಗುಣಿಸಿದರೆ 504 ವ್ಯಾಟ್-ಅವರ್. ಬ್ಯಾಟರಿ ಹೋಲಿಸುವಾಗ ನೋಡಬೇಕಾದದ್ದು ಈ ಗುಣಲಬ್ಧವನ್ನೇ, ಬರೀ ಆಂಪಿಯರ್ ಅಥವಾ ಬರೀ ವೋಲ್ಟನ್ನಲ್ಲ. ಒಳಗೆ ಬೆರಳು ಗಾತ್ರದ ಲಿಥಿಯಂ ಸೆಲ್‌ಗಳಿರುತ್ತವೆ, ಟಿವಿ ರಿಮೋಟಿನ ಸೆಲ್‌ಗಿಂತ ದಪ್ಪ. ಒಂದೊಂದೂ 3.6 ವೋಲ್ಟ್. ಹತ್ತನ್ನು ಸಾಲಾಗಿ ಜೋಡಿಸಿದರೆ 36 ವೋಲ್ಟ್. ಅಂಥ ನಾಲ್ಕು ಸಾಲು ಪಕ್ಕಪಕ್ಕ ಇಟ್ಟರೆ 40 ಸೆಲ್‌ಗಳ ಇಂಥ ಒಂದು ಬ್ಯಾಟರಿ.

504 ವ್ಯಾಟ್-ಅವರ್ ಅಂದರೆ ಅರ್ಧ ಯೂನಿಟ್ ಕರೆಂಟು. ಚಾರ್ಜರ್‌ನಲ್ಲಿ ಪೋಲಾಗುವುದು ಸೇರಿಸಿ 0.6 ಯೂನಿಟ್ ಅನ್ನಿ. ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿದರೆ ಫುಲ್ ಚಾರ್ಜ್‌ಗೆ 4 ರೂಪಾಯಿ ಒಳಗೆ. ಅರ್ಧ ಲೋಟ ಟೀ ಕೂಡ ಬರದ ದುಡ್ಡು.

ಎಷ್ಟು ದೂರ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ, ಯಾಕೆಂದರೆ ಗೆಳೆಯ ಎಷ್ಟು ತುಳಿದ ಅನ್ನುವುದರ ಮೇಲೆ ಅವನ ಹಸಿವು. ಸಮತಟ್ಟು ರಸ್ತೆಯಲ್ಲಿ ಇಕೋ ಮೋಡ್ ಇಟ್ಟು ನೀವೂ ಚೆನ್ನಾಗಿ ತುಳಿದರೆ ಕಿಲೋಮೀಟರಿಗೆ 5 ವ್ಯಾಟ್-ಅವರ್ ಸಾಕಾಗಬಹುದು. ಆಗ 100 ಕಿ.ಮೀ. ಬಂಡೆ, ಮಣ್ಣು, ಬೂಸ್ಟ್ ಅಂದರೆ 15ಕ್ಕೂ ಹೋಗುತ್ತದೆ. ಆಗ 30 ಚಿಲ್ಲರೆ ಕಿ.ಮೀ.ಗೇ ಖಾಲಿ. ಜಾಹೀರಾತಿನ ಅಂಕಿ ಸಾಮಾನ್ಯವಾಗಿ ಮೊದಲ ಲೆಕ್ಕದ್ದು.

ನಂದಿ ಬೆಟ್ಟದ ಲೆಕ್ಕ ಮಾಡಿ ನೋಡೋಣ. 80 ಕೆಜಿ ಸವಾರ, 23 ಕೆಜಿ ಸೈಕಲ್. ಬುಡದಿಂದ ಏರು 400 ಮೀಟರ್ ಅಂತ ಇಟ್ಟುಕೊಳ್ಳಿ. ಇಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ ಸುಮಾರು 112 ವ್ಯಾಟ್-ಅವರ್. ಅರ್ಧ ನೀವು ತುಳಿದರೆ ಉಳಿದ 56 ಮೋಟರ್ ಪಾಲು. ಮೋಟರ್‌ನಲ್ಲಿ ಬಿಸಿಯಾಗಿ ಹೋಗುವುದು ಸೇರಿ ಬ್ಯಾಟರಿಯಿಂದ 70ರಷ್ಟು ಖರ್ಚು. ಟೈರು ಎಳೆತ, ಗಾಳಿ ಸೇರಿಸಿದರೂ ಬ್ಯಾಟರಿಯ ಕಾಲು ಭಾಗ ಮೀರುವುದಿಲ್ಲ. ಬೆಂಗಳೂರಿಂದ ನಂದಿಯವರೆಗಿನ ಸಮತಟ್ಟು ರಸ್ತೆಯಲ್ಲಿ ಬೂಸ್ಟ್ ಹಾಕಿ ಮೆರೆದವರು ಬೆಟ್ಟದ ಬುಡದಲ್ಲಿ ಕೂರಬೇಕಾಗುತ್ತದೆ, ಅಷ್ಟೇ.

ಬ್ಯಾಟರಿಗೆ ಬಿಸಿಲು ಆಗುವುದಿಲ್ಲ. ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನವಿಡೀ ಬಿಡಬೇಡಿ. ಬೆಟ್ಟ ಹತ್ತಿ ಬಂದ ತಕ್ಷಣ, ಇನ್ನೂ ಬಿಸಿ ಇರುವಾಗಲೇ ಚಾರ್ಜ್‌ಗೆ ಹಾಕಬೇಡಿ. ತಿಂಗಳುಗಟ್ಟಲೆ ಓಡಿಸುವುದಿಲ್ಲ ಅಂದರೆ ಅರ್ಧ ಚಾರ್ಜ್‌ನಲ್ಲಿ ಇಡಿ. ಹೊರ ರಾಜ್ಯಕ್ಕೆ ವಿಮಾನದಲ್ಲಿ ಒಯ್ಯುವ ಯೋಚನೆಯನ್ನೂ ಬಿಡಿ. ಪ್ರಯಾಣಿಕರು 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿ ಒಯ್ಯುವಂತಿಲ್ಲ.

ಇಳಿಜಾರಿನಲ್ಲಿ ಚಾರ್ಜ್ ಆಗಲ್ವಾ?

ಎಲ್ಲರೂ ಕೇಳುತ್ತಾರೆ. ಹಳೇ ಡೈನಮೋ ನೋಡಿದವರು ಕೇಳಲೇಬೇಕಾದ ಪ್ರಶ್ನೆ ಕೂಡ. ಇಳಿಜಾರಿನಲ್ಲಿ ತುಳಿಯುವುದು ನಿಲ್ಲಿಸಿದಾಗ ಹಿಂದಿನ ಚಕ್ರದಿಂದ ಟಿಕ್ ಟಿಕ್ ಟಿಕ್ ಅಂತ ಬರುತ್ತದಲ್ಲ, ಅದು ಫ್ರೀವೀಲ್. ಚಕ್ರ ತಿರುಗುತ್ತದೆ, ಚೈನು ನಿಂತಿರುತ್ತದೆ. ಮಿಡ್-ಡ್ರೈವ್ ಮೋಟರ್ ಇರುವುದು ಚೈನಿನ ಆ ಕಡೆ. ಚಕ್ರದ ತಿರುಗಾಟ ಅಲ್ಲಿಗೆ ತಲುಪುವುದೇ ಇಲ್ಲ. ಹಾಗಾಗಿ ಚಾರ್ಜ್ ಆಗುವುದಿಲ್ಲ. ಕೆಲವು ಬಗೆಯ ಹಬ್ ಮೋಟರ್‌ಗಳಲ್ಲಿ ಆಗುತ್ತದೆ, ಆದರೆ ಸೈಕಲ್‌ನಷ್ಟು ಹಗುರ ಗಾಡಿಯಲ್ಲಿ ಸಿಗುವುದು ಅಲ್ಪಸ್ವಲ್ಪ.

ಇಳಿಯುವಾಗಿನ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗುತ್ತದೆ. ಸೈಕಲ್ ಭಾರ ಜಾಸ್ತಿ ಇರುವುದರಿಂದ ಆ ಬಿಸಿಯೂ ಜಾಸ್ತಿ. ಡಿಸ್ಕ್ ದೊಡ್ಡದಾಗಿ, ಬ್ರೇಕಿನಲ್ಲಿ ವೈರಿನ ಬದಲು ಆಯಿಲ್ ಇರುವುದು ಇದಕ್ಕೇ. ಬಂಡೆ ಇಳಿದ ಮೇಲೆ ಹುಡುಗ ಡಿಸ್ಕ್ ಮುಟ್ಟಲು ಹೋದ ನನ್ನ ಕೈಯನ್ನು ಪಟ್ಟನೆ ಹಿಡಿದುಕೊಂಡ. "ದೋಸೆ ಹಂಚು ಅಂಕಲ್ ಅದು!"

ಮಳೆ, ನೀರು, ಗಾಳಿ

ಮಳೆಯಲ್ಲಿ ಓಡಿಸಬಹುದು. ಚಿಮ್ಮುವ ನೀರು ತಡೆಯುವ ಹಾಗೆ ಮೋಟರ್, ಬ್ಯಾಟರಿ ಕಟ್ಟಿರುತ್ತಾರೆ. ವಾಟರ್ ಸರ್ವಿಸ್ ಅಂಗಡಿಯ ಜೋರು ಪೈಪಿಗೆ ಮಾತ್ರ ಕೊಡಬೇಡಿ. ಆ ಒತ್ತಡಕ್ಕೆ ನೀರು ಸೀಲ್ ದಾಟಿ ಬೇರಿಂಗ್ ಒಳಗೆ ಹೋಗುತ್ತದೆ. ಬಕೆಟ್, ಬಟ್ಟೆ, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಚೈನಿಗೆ ಎಣ್ಣೆ ತಪ್ಪಿಸಬೇಡಿ.

ಪಂಚರ್ ಬಗ್ಗೆ ಜನರಿಗೆ ಭಯ ಜಾಸ್ತಿ. ಮಿಡ್-ಡ್ರೈವ್‌ನಲ್ಲಿ ಹಿಂದಿನ ಚಕ್ರ ಸಾದಾ ಚಕ್ರವೇ, ಒಂದು ಅಲೆನ್ ಕೀ ಇದ್ದರೆ ಬಿಚ್ಚಬಹುದು. ಹಬ್ ಮೋಟರ್ ಆದರೆ ಚಕ್ರಕ್ಕೆ ವೈರು ಬಂದಿರುತ್ತದೆ, ಅದನ್ನು ಮೊದಲು ಕಳಚಿಕೊಳ್ಳಬೇಕು.

ನಮಗೆ ಪಂಚರ್ ಆಗಲಿಲ್ಲ, ಗಾಳಿ ಕಮ್ಮಿ ಅನಿಸಿತು. ಬಂಡೆಗೆ ಹಿಡಿತ ಸಿಗಲಿ ಅಂತ ಟೈರಿನ ಗಾಳಿ ಇಳಿಸಿಕೊಂಡಿದ್ದೆವು, ಡಾಂಬರಿಗೆ ಅದು ಎಳೆಯುತ್ತಿತ್ತು. ದಾರಿಬದಿಯ ಪಂಚರ್ ಅಂಗಡಿಯವರು ಸೈಕಲ್ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಪೆಡಲ್ ಕೆಳಗೆ ಇಣುಕಿ, "ಮೋಟ್ರು ಇಲ್ಲಿದ್ಯಾ ಸಾರ್!" ಅಂತ ತಾವೇ ಕಂಡುಹಿಡಿದರು. ಪೈಪ್ ತಂದು ವಾಲ್ವ್‌ಗೆ ಹಿಡಿದರು. ಕೂರಲಿಲ್ಲ. ಇಂಥ ಸೈಕಲ್‌ಗಳಲ್ಲಿ ಬರುವುದು ಪ್ರೆಸ್ಟಾ ಅನ್ನುವ ತೆಳು ವಾಲ್ವ್, ಬೈಕು ಕಾರುಗಳಿಗೆ ಬರುವ ದಪ್ಪ ವಾಲ್ವ್ ಅಲ್ಲ. ಅದರ ಮೇಲೆ ತಿರುಗಿಸಿ ಕೂರಿಸುವ ಒಂದು ಪುಟ್ಟ ಹಿತ್ತಾಳೆ ಅಡಾಪ್ಟರ್ ಇರುತ್ತದೆ, ಅಂಗಿಯ ಗುಂಡಿಯಷ್ಟು ಚಿಕ್ಕದು. ಲಕ್ಷಗಟ್ಟಲೆ ಕೊಟ್ಟು ಸೈಕಲ್ ತಂದ ಹುಡುಗ ಅದನ್ನು ಮನೆಯಲ್ಲೇ ಬಿಟ್ಟಿದ್ದ. ಅಂಗಡಿಯವರು ತಮ್ಮ ಡಬ್ಬಿಯೆಲ್ಲ ತಡಕಿ, ತಳದಲ್ಲಿ ಒಂದನ್ನು ಹುಡುಕಿ ತೆಗೆದರು.